ಸೊಸೆ ಫಾರಮ್ಮಿನಲ್ಲಿ ಅತ್ತೆ ಮಾತು

ಒಂದೇ ಒಂದು ತಲೆಗೂದಲು ಕೊಡಿ, ಅದನ್ನ ನೂರು ಪದರ ಸೀಳಿ, ಒಂದೊಂದನ್ನೂ ಗಾಜಿನ ಮೇಲೆ ಮಲಗಿಸಿ, ಜೋಗುಳ ಹಾಡಿ ಎದ್ದು ಬರ್ತಾಳೆ ನಮ್ಮ ಸೊಸೆ ಅಂತ ಅಜ್ಜಿ ಬೀದಿಗೆಲ್ಲ ಡಂಗುರ ಹೊಡ್ಕೊಂಡು ಬಂದಿದ್ಲು. ಅದು ಅರ್ಧ ಸುಳ್ಳು, ಅವಳೇ ಒಪ್ಕೊಳ್ತಾಳೆ. ನೂರಲ್ಲ, ಹದಿನೈದು. ಕೂದಲೂ ಅಲ್ಲ, ಇಲಿ ಮೂತ್ರಪಿಂಡ. ಜೋಗುಳವಂತೂ ಇಲ್ಲವೇ ಇಲ್ಲ, ಯಾಕಂದ್ರೆ ಆ ಕೆಲಸದಲ್ಲಿ ಜೋರಾಗಿ ಉಸಿರು ಬಿಟ್ರೂ ಪದರ ಮುದುರ್ಕೊಂಡು ಹಾಳಾಗುತ್ತೆ. ಆದ್ರೆ ಒಂದು ಕೂದಲಿನ ದಪ್ಪದಲ್ಲಿ ಹದಿನೈದು ಪದರ ತೆಗೆಯೋ ಕೈ ಅವಳದು ಅನ್ನೋದು ಮಾತ್ರ ಅಪ್ಪಟ ನಿಜ.

ಸೊಸೆ ಕೆಲಸ ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ. ಇಲಿದೋ ಮನುಷ್ಯರದೋ ಒಂದು ಚೂರು ಮಾಂಸ ಮೇಣದ ಗಟ್ಟಿಯೊಳಗೆ ಕೂತಿರುತ್ತೆ. ಅದನ್ನ ಯಂತ್ರಕ್ಕೆ ಸಿಕ್ಕಿಸಿ, ಕೈಯಲ್ಲಿ ಚಕ್ರ ತಿರುಗಿಸಿ, ರಿಬ್ಬನ್ನಿನ ಹಾಗೆ ಪದರ ಪದರ ತೆಗೆದು, ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿ ಮೇಲೆ ಹಿಡೀಬೇಕು. ಆಮೇಲೆ ಬಣ್ಣ ಕುಡಿಸಬೇಕು. ಅಷ್ಟಾದ ಮೇಲೆ ದೊಡ್ಡ ಓದು ಓದಿದವರು ಬಂದು, ಒಂದು ಕಣ್ಣು ಮುಚ್ಚಿ ನೋಡಿ, ಪುಸ್ತಕ ಬರೆದು ಹೆಸರು ಮಾಡ್ತಾರೆ. ಸೊಸೆ ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಅದೇ ಚಕ್ರ, ಅದೇ ಪಟ್ಟ: ಸಹಾಯಕಿ. ಅವಳ ಹತ್ರ ಕೈ ಹಿಡಿದು ಕಲಿತ ಎಷ್ಟು ಜನ ಮೇಲೆ ಹೋದ್ರೋ ಲೆಕ್ಕ ಇಟ್ಟವರಿಲ್ಲ. ಏಣಿ ಅಂದ್ರೆ ಹಾಗೇ ತಾನೆ, ಹತ್ತಿದವರು ಹೋಗ್ತಾರೆ, ಏಣಿ ಗೋಡೆಗೆ ಒರಗಿ ನಿಂತೇ ಇರುತ್ತೆ.

ಮನೇಲಿ ನಾಲ್ಕು ಜನ. ಅಜ್ಜಿ, ಅಜ್ಜಿ ಮಗ, ಸೊಸೆ, ಮೊಮ್ಮಗಳು. ಮಗ ಸಿಟಿ ಬಸ್ ಓಡಿಸ್ತಾನೆ. ರಸ್ತೇಲಿ ಹುಲಿ, ಮನೇಲಿ ಯಾರು ಏನು ಕೇಳಿದ್ರೂ "ನೋಡೋಣ." ಮೊಮ್ಮಗಳಿಗೆ ಹದಿನೈದು ವರ್ಷ, ಅವಳ ನಾಲಿಗೆಗೆ ಮಾತ್ರ ಇಪ್ಪತ್ತೈದು. ಅಜ್ಜಿಗೆ ಎಷ್ಟು ಅಂತ ಕೇಳಬೇಡಿ, ದಿನಕ್ಕೊಂದು ಹೇಳ್ತಾಳೆ.

ಅವತ್ತು ಸೋಮವಾರ. ಸೊಸೆ ಮನೆಗೆ ಬಂದವಳು ಚಪ್ಪಲಿ ಬಿಟ್ಳು, ಕೈ ತೊಳೆದ್ಲು, ಅಡುಗೆ ಮಾಡಿದ್ಲು, ಬಡಿಸಿದ್ಲು. ಎಲ್ಲರೂ ತಟ್ಟೆಗೆ ಕೈ ಹಾಕೋ ಹೊತ್ತಿಗೆ ಚೀಲದಿಂದ ಒಂದು ಕಂತೆ ಹಾಳೆ ತೆಗೆದು ಮಗಳ ಮುಂದೆ ಇಟ್ಳು.

"ಓದು. ಗಟ್ಟಿಯಾಗಿ ಓದು. ನಿನ್ನ ಅಪ್ಪಂಗೂ ಕೇಳಬೇಕು, ಅಜ್ಜಿಗೂ ಕೇಳಬೇಕು."

"ಊಟ ಮಾಡೋವಾಗಲಾ?"

"ಊಟ ಓಡಿಹೋಗಲ್ಲ."

ಹುಡುಗಿ ಓದಿದ್ಲು. "ಸಿಬ್ಬಂದಿ ಬೆಳವಣಿಗೆ ನಮೂನೆ. ಸದರಿ ಸಿಬ್ಬಂದಿಯ ಮನೆಗೆ ದೂರವಾಣಿಯ ಮೂಲಕ ವಿಚಾರಿಸಲಾಯಿತು. ಹೊರಗಿನ ತರಬೇತಿಗೆ ಆಕೆ ಸಾಯುವವರೆಗೂ ಬರಲಾರರು ಎಂದು ಮನೆಯ ಹಿರಿಯರು ತಿಳಿಸಿರುತ್ತಾರೆ. ಇರುವ ಕೆಲಸದಲ್ಲಿ ತೃಪ್ತಿಯಿದೆ. ಬೆಳವಣಿಗೆಯ ಅಗತ್ಯ ಕಂಡುಬರುವುದಿಲ್ಲ."

"ಅದು ಏಳು ವರ್ಷದ ಹಿಂದಿಂದು. ಮುಂದಿನ ವರ್ಷದ್ದು ಓದು."

"ಹಿಂದಿನ ವರ್ಷದಂತೆ."

"ಅದರ ಮುಂದಿಂದು?"

"ಹಿಂದಿನ ವರ್ಷದಂತೆ. ಅಮ್ಮ, ಎಲ್ಲದರಲ್ಲೂ ಅದೇ ಇದೆ. ಕೊನೇಲಿ ನಿನ್ನ ಸಹಿ ಇದೆ."

"ಹೌದು, ನನ್ನದೇ ಸಹಿ."

ಆಗಿದ್ದು ಇಷ್ಟು. ಅಲ್ಲಿ ಕೆಲಸ ಮಾಡೋರು ವರ್ಷಕ್ಕೊಂದು ಸಲ ಮೇಲಿನವರ ಜೊತೆ ಅರ್ಧ ಗಂಟೆ ಕೂತು, ಏನು ಕಲಿತೆ, ಇನ್ನೇನು ಕಲೀಬೇಕು, ಮುಂದೆ ಏನಾಗಬೇಕು ಅಂತ ಮಾತಾಡಬೇಕು. ಮಾತಾಡಿದ್ದನ್ನ ಫಾರಮ್ಮಲ್ಲಿ ಬರೀಬೇಕು. ಬರೆದ ಪ್ರಕಾರ ವಿಶ್ವವಿದ್ಯಾಲಯ ತನ್ನ ಖರ್ಚಲ್ಲಿ ಕಲಿಸಬೇಕು. ಹೀಗೊಂದು ನಿಯಮ ಏಳು ವರ್ಷದಿಂದ ಇದೆ. ವಿಭಾಗದ ಮುಖ್ಯಸ್ಥರು, ಎಲ್ಲರೂ ಅವರನ್ನ ದೊಡ್ಡೋರು ಅಂತಾರೆ, ಅಷ್ಟು ಜನರ ಜೊತೆ ಕೂತು ಮಾತಾಡೋ ತೊಂದರೆ ಯಾಕೆ ಅಂತ, ವರ್ಷದ ಕೊನೇಲಿ ಒಂದೇ ಮಧ್ಯಾಹ್ನ ಎಲ್ಲರ ಫಾರಮ್ಮೂ ತಾವೇ ತುಂಬಿಬಿಡ್ತಿದ್ರು. ಪ್ಯೂನು ಕೊನೇ ಹಾಳೆ ಮಾತ್ರ ತರ್ತಿದ್ದ, ಪೆನ್ಸಿಲಲ್ಲಿ ಗುರುತು ಹಾಕಿದ ಜಾಗಕ್ಕೆ ಇವರು ಸಹಿ ಮಾಡ್ತಿದ್ರು. ಹಾಲಿನವನ ಚೀಟಿಗೆ ಸಹಿ ಹಾಕೋ ಹಾಗೆ. ಮೊದಲ ಹಾಳೇಲಿ ಏನಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಈಗ ಹೊಸದಾಗಿ ಒಬ್ಬಳು ತರಬೇತಿ ಅಧಿಕಾರಿ ಬಂದಿದಾಳೆ, ಇವರೆಲ್ಲ ತರಬೇತಿ ಮೇಡಂ ಅಂತಾರೆ. ಅವಳು ಮೇಜಿಂದ ಮೇಜಿಗೆ ಹೋಗಿ, "ಏಳು ವರ್ಷದಿಂದ ನೀವ್ಯಾಕೆ ಏನೂ ಬೇಡ ಅಂದ್ರಿ?" ಅಂತ ಕೇಳಿದಳು. ಸೊಸೆ, "ನನ್ನನ್ನ ಯಾರು ಏನು ಬೇಕು ಅಂತ ಕೇಳಿದ್ರು?" ಅಂದಳು. ಫೈಲು ಬಿಚ್ಚಿಕೊಂಡಿತು.

ಮಗ ತುತ್ತು ಕೈಯಲ್ಲೇ ಹಿಡ್ಕೊಂಡು, "ಯಾರು ಹಾಗೆ ಹೇಳಿದ್ದು? ನಾನಂತೂ ಹೇಳಿಲ್ಲಪ್ಪ," ಅಂದ.

"ನೀವಲ್ಲ ಅಂತ ಗೊತ್ತು. ನೀವಾಗಿದ್ರೆ 'ನೋಡೋಣ' ಅಂತ ಇರ್ತಿತ್ತು. ಈ ಮನೇಲಿ 'ಸಾಯೋವರೆಗೂ' ಅಂತ ಬಾಯಿ ತೆರೆಯೋರು ಯಾರು?"

ಮೂರು ಜೊತೆ ಕಣ್ಣು ಅಜ್ಜಿ ಕಡೆ ತಿರುಗಿತು. ಅಜ್ಜಿ ತಟ್ಟೇಲಿದ್ದ ಆಲೂಗಡ್ಡೇನ ಹೀಗೆ ನೋಡ್ತಿದ್ಲು, ಅದನ್ನ ಜನ್ಮದಲ್ಲಿ ಮೊದಲ ಸಲ ಕಂಡವಳ ಹಾಗೆ.

"ಫೋನ್ ಬಂದಿತ್ತಾ ಅತ್ತೆ?"

"ಏಳು ವರ್ಷದ ಹಿಂದಿನ ಫೋನು ಯಾರಿಗೆ ನೆನಪಿರುತ್ತೆ?"

"ನಿಮಗೆ ನಿಮ್ಮ ಮದುವೇಲಿ ಯಾರು ಎಷ್ಟು ತಿಂದರು ಅಂತ ನೆನಪಿದೆ."

ಅಜ್ಜಿಗೆ ನೆನಪಿತ್ತು. ಹಗಲು ಹನ್ನೊಂದು ಗಂಟೆ, ಒಲೆ ಮೇಲೆ ಬೇಳೆ. ಫೋನಲ್ಲಿ ಯಾರೋ ದೊಡ್ಡ ಮನುಷ್ಯರು 'ಅಮ್ಮಾ' ಅಂತ ಕರೆದು, ನಿಮ್ಮ ಸೊಸೇನ ಆರು ವಾರ ಬೇರೆ ಊರಿಗೆ ಕಲಿಯೋಕೆ ಕಳಿಸಬಹುದಾ ಅಂದಿದ್ರು. ಆರು ವಾರ ಅಂದ ತಕ್ಷಣ ಅಜ್ಜಿ ಕಣ್ಣಿಗೆ ಬಂದಿದ್ದು ತನ್ನ ಮಂಡಿ ನೋವು. ಆದ್ರೆ ಮಂಡಿ ನೋವು ಅಂತ ಹೇಳೋಕೆ ನಾಚಿಕೆ. ಅದಕ್ಕೇ ಸೊಸೇನ ಹೊಗಳಿಬಿಟ್ಲು. "ಅಯ್ಯೋ, ಅವಳೆಲ್ಲಿ ಬರ್ತಾಳೆ ಸ್ವಾಮಿ! ಮನೆ ಅಂದ್ರೆ ಅವಳಿಗೆ ಪ್ರಾಣ. ಅವಳು ಒಂದು ದಿನ ಇಲ್ಲ ಅಂದ್ರೆ ಈ ಮನೆ ಬಿದ್ದೇ ಹೋಗುತ್ತೆ. ಸಾಯೋವರೆಗೂ ಎಲ್ಲಿಗೂ ಬರಲ್ಲ." ಅಷ್ಟು ಹೇಳಿ ಫೋನಿಟ್ಟು ಬೇಳೆ ಇಳಿಸಿದ್ಲು. ಸಂಜೆ ಹೇಳೋಣ ಅಂದ್ಕೊಂಡ್ಲು. ಸಂಜೆ ಹೇಳಲಿಲ್ಲ.

"ನಿನ್ನ ಒಳ್ಳೇದಕ್ಕೇ ಕಣೇ ಹೇಳಿದ್ದು," ಅಂದಳು ಅಜ್ಜಿ. "ಆಗ ನಿನ್ನ ಮಗಳಿಗೆ ಎಂಟು ವರ್ಷ."

"ಆಗ ಎಂಟು. ಆಮೇಲೆ ಒಂಬತ್ತಾಯ್ತು, ಹತ್ತಾಯ್ತು, ಹದಿನೈದಾಯ್ತು. ಅವಳು ಬೆಳೆದಳು. ಆ ಹಾಳೇಲಿ ನಾನು ಬೆಳೀಲಿಲ್ಲ!" ಸೊಸೆ ಧ್ವನಿ ಏರಿತು. "ಈ ವರ್ಷ ಮೇಲ್ವಿಚಾರಕರು ನಿವೃತ್ತಿ ಆಗ್ತಾರೆ. ಆ ಕುರ್ಚಿಗೆ ಆರು ವಾರದ ತರಬೇತಿ ಪತ್ರ ಇದ್ದವರು ಮಾತ್ರ ಅರ್ಜಿ ಹಾಕಬಹುದು. ನನ್ನ ಹತ್ರ ಇಲ್ಲ. ಎರಡು ವರ್ಷದ ಹಿಂದೆ ಬಂದನಲ್ಲ ಹೊಸಬ, ಬ್ಲೇಡು ಹಿಡಿಯೋದು ಹೇಗೆ ಅಂತ ನಾನೇ ಬೆರಳು ಹಿಡಿದು ಕಲಿಸಿದೆ, ಅವನ ಹತ್ರ ಇದೆ. ಅವನನ್ನ ಬಂದ ವರ್ಷಾನೇ ಕಳಿಸಿದ್ರು. ಅವನ ಮನೆಗೆ ಯಾರೂ ಫೋನ್ ಮಾಡಿ ಕೇಳಲಿಲ್ಲ!"

"ನೀನು ಓದದೆ ಯಾಕೆ ಸಹಿ ಹಾಕ್ದೆ ಮತ್ತೆ?" ಅಂದ ಮಗ.

ಅದು ನಿಜವಾದ ಮಾತೇ. ಆದ್ರೆ ನಿಜ ಹೇಳೋಕೂ ಒಂದು ಹೊತ್ತು ಅಂತ ಇರುತ್ತೆ. ಸೊಸೆ ಎದ್ದಳು. ತನ್ನ ತಟ್ಟೆ ಒಂದನ್ನೇ ತಗೊಂಡು ಹೋಗಿ, ತೊಳೆದು, ಒರೆಸಿ ಇಟ್ಳು. ಮೂರು ತಟ್ಟೆ ಮೇಜಿನ ಮೇಲೇ ಒಣಗಿದವು.

"ನಾನಿಲ್ಲದಿದ್ರೆ ಮನೆ ಬಿದ್ದುಹೋಗುತ್ತೆ ಅಲ್ವಾ?" ಅಂದ್ಳು. "ಬೀಳಲಿ. ನೋಡೋಣ."

ಮಾರನೇ ದಿನದಿಂದ ಸೊಸೆ ಕೆಲಸಕ್ಕೆ ಹೋಗೋದು, ಬರೋದು, ತನಗೆ ಬೇಕಾದ್ದು ಎರಡು ಮೊಟ್ಟೆ ಬೇಯಿಸ್ಕೊಂಡು ಬ್ರೆಡ್ ಜೊತೆ ತಿನ್ನೋದು, ತನ್ನ ಬಟ್ಟೆ ತಾನು ಒಗೆಯೋದು, ತರಬೇತಿ ಮೇಡಂ ಕೊಟ್ಟ ದಪ್ಪ ಪುಸ್ತಕ ಬಿಚ್ಚಿ ಕೂರೋದು. ಮನೆ ಬೀಳಲಿಲ್ಲ, ವಾಲಿತು. ಮಗ ಅಡುಗೆಗೆ ನಿಂತ. ಅವನು ಒಗ್ಗರಣೆ ಹಾಕಿದ್ರೆ ಅಕ್ಕಪಕ್ಕದವರು ಕಿಟಕಿ ಮುಚ್ಚೋರು. ಮೊಮ್ಮಗಳು ಕರಟಿದ ಆಲೂಗಡ್ಡೆನ ಬೆಳಕಿಗೆ ಹಿಡಿದು, "ಅಪ್ಪ, ಇದನ್ನ ಅಮ್ಮಂಗೆ ಕೊಡು, ಪದರ ತೆಗೆದು ನೋಡಿ ಏನು ರೋಗ ಅಂತ ಹೇಳ್ತಾಳೆ," ಅಂದ್ಳು. ಅಜ್ಜಿ ಮಂಡಿ ಹಿಡ್ಕೊಂಡು ನೆಲ ಒರೆಸಿದ್ಲು, ಒರೆಸಿದ್ದಕ್ಕಿಂತ ಜಾಸ್ತಿ ಅಯ್ಯೋ ಅಪ್ಪಾ ಅಂದ್ಳು, ಅದೂ ಸೊಸೆ ಕೋಣೆ ಬಾಗಿಲ ಮುಂದೇನೇ. ಒಳಗಿಂದ ಹಾಳೆ ಮಗುಚೋ ಸದ್ದು ಬಿಟ್ರೆ ಬೇರೆ ಏನಿಲ್ಲ.

ವಾರ ಕಳೆದ ಮೇಲೆ ಮಗ ತಾಳ್ಮೆ ಬಿಟ್ಟ. "ತಪ್ಪು ಮಾಡಿದ್ದು ಅಮ್ಮ. ನಾನೇನು ಮಾಡಿದೆ ಅಂತ ನನಗೀ ಶಿಕ್ಷೆ?"

"ನೀವು ಏನೂ ಮಾಡಲಿಲ್ಲ. ಏಳು ವರ್ಷ ಅದನ್ನೇ ಮಾಡಿದ್ದು ನೀವು. ಒಂದು ದಿನ ಆದ್ರೂ ಕೇಳಿದ್ರಾ, ಯಾಕೆ ನೀನು ಅಲ್ಲೇ ಇದೀಯ ಅಂತ?"

"ನೀನು ಹೇಳಬೇಕಿತ್ತು."

"ಹೇಳಿದೆ. ಹೊಸಬನ್ನ ತರಬೇತಿಗೆ ಕಳಿಸಿದ ದಿನ ಇದೇ ಜಾಗದಲ್ಲಿ ಹೇಳಿದೆ. ನೀವು ನೋಡೋಣ ಅಂದ್ರಿ. ಏನು ನೋಡಿದ್ರಿ, ಹೇಳಿ!"

ಮಗ ಕರಟಿದ ಬಾಣಲೆ ಎಳ್ಕೊಂಡ. ಅದನ್ನ ಉಜ್ಜಿದ.

ಇತ್ತ ಸೊಸೆ ಮೂರು ಸಲ ದೊಡ್ಡೋರ ಕೋಣೆಗೆ ಹೋಗಿ ಬಂದಳು. ಮೊದಲ ಸಲ ಅವರು, "ನಿಮ್ಮಂಥ ಕೈ ಈ ವಿಭಾಗದಲ್ಲಿ ಇನ್ನೊಂದಿಲ್ಲಮ್ಮ," ಅಂತ ಮೂಗಿಗೆ ತುಪ್ಪ ಸವರಿದ್ರು. ಎರಡನೇ ಸಲ, "ಮನೆಯವರ ಮನಸ್ಸು ನೋಯಿಸಿ ನಾವು ಏನೂ ಮಾಡೋದು ಸರಿಯಲ್ಲ," ಅಂದ್ರು. ಮೂರನೇ ಸಲ ಗಡಿಯಾರ ನೋಡಿದ್ರು. ತರಬೇತಿಗೆ ಹೆಸರು ಕಳಿಸೋಕೆ ಇನ್ನು ಎರಡು ವಾರ. ಈ ವರ್ಷ ತಪ್ಪಿದ್ರೆ ಮುಂದಿನ ವರ್ಷ ಹೋಗಿ ಏನು ಪ್ರಯೋಜನ, ಕುರ್ಚಿಯಲ್ಲಿ ಹೊಸಬ ಕೂತಿರ್ತಾನೆ.

ಇದೆಲ್ಲ ಅಜ್ಜಿಗೆ ಗೊತ್ತಾಗಿದ್ದು ಮೊಮ್ಮಗಳಿಂದ. ಸೊಸೆ ಅಜ್ಜಿ ಜೊತೆ ಮಾತು ಬಿಟ್ಟಿದ್ಲು. "ಉಪ್ಪು ಎಲ್ಲಿದೆ ಅಂತ ನಿನ್ನ ಅಜ್ಜೀನ ಕೇಳು" ಅನ್ನೋದು ಸೊಸೆ, ಪಕ್ಕದಲ್ಲೇ ಕೂತ ಅಜ್ಜಿ "ಡಬ್ಬೀಲಿದೆ ಅಂತ ನಿನ್ನ ಅಮ್ಮಂಗೆ ಹೇಳು" ಅನ್ನೋದು. "ನನಗೆ ಇದಕ್ಕೆ ಸಂಬಳ ಕೊಡಿ," ಅನ್ನೋದು ಹುಡುಗಿ.

ಮೊಮ್ಮಗಳು ಒಂದು ದಿನ ಸುಮ್ಮನೆ ಕೇಳಿದ್ಲು. "ಅಜ್ಜಿ, ಅಮ್ಮನ ಮೇಲೆ ನಿನಗೆ ಹೊಟ್ಟೆಕಿಚ್ಚಾ?"

"ನನಗ್ಯಾತರ ಹೊಟ್ಟೆಕಿಚ್ಚೇ?"

"ನೀನು ಶಾಲೆಗೆ ಹೋಗಲಿಲ್ಲ, ಅವಳು ಕೆಲಸಕ್ಕೆ ಹೋದಳು."

"ಬಾಯಿ ಮುಚ್ಚು," ಅಂದ ಅಜ್ಜಿಗೆ ಅವತ್ತು ಊಟ ಸೇರಲಿಲ್ಲ. ಮಗನ ಅಡುಗೆ ಆದ್ರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಅಜ್ಜಿ ಅದನ್ನ ಒಪ್ಪೋ ಪೈಕಿ ಅಲ್ಲ. ಹೋದ ಮಾತನ್ನ ಜುಟ್ಟು ಹಿಡಿದು ವಾಪಸ್ ಎಳ್ಕೊಂಡು ಬರ್ತೀನಿ ಅಂತ ಒಳ್ಳೇ ಸೀರೆ ಉಟ್ಳು, ಮಗನ ಬಸ್ಸೇ ಹತ್ತಿದ್ಲು, ಎಲ್ಲಿಗೆ ಅಂತ ಅವನು ಕೇಳಿದ್ರೆ "ರಸ್ತೆ ನೋಡ್ಕೊಂಡು ಓಡ್ಸು" ಅಂದ್ಳು.

ವಿಭಾಗ ಅಂದ್ರೆ ಉದ್ದನೆ ಓಣಿ, ಎರಡೂ ಕಡೆ ಬಾಗಿಲು, ಮೇಣ ಕಾಯಿಸಿದ ವಾಸನೆ. ಒಂದು ಬಾಗಿಲಿಗೆ ಗಾಜಿತ್ತು. ಅಜ್ಜಿ ಇಣುಕಿದ್ಲು. ಒಳಗೆ ಸೊಸೆ ಬಾಗಿ ನಿಂತಿದ್ಲು. ಯಂತ್ರದ ಬಾಯಿಂದ ಹೊಗೆಗಿಂತ ತೆಳ್ಳಗೆ ಒಂದು ರಿಬ್ಬನ್ನು ಇಳೀತಿತ್ತು. ಅವಳು ಅದನ್ನ ಸಣ್ಣ ಕುಂಚದ ತುದೀಲಿ ಎತ್ತಿ ನೀರಿನ ಮೇಲೆ ಬಿಟ್ಳು, ಸುಕ್ಕು ತಾನಾಗೇ ಬಿಚ್ಚಿಕೊಳ್ಳೋವರೆಗೂ ಕಾದಳು, ಗಾಜಿನ ಪಟ್ಟಿ ಅಡ್ಡಾದಿಡ್ಡಿ ಆಗದ ಹಾಗೆ ಕೆಳಗಿಂದ ತಂದು ಹಿಡಿದಳು. ಆಮೇಲೆ ಉಸಿರು ಬಿಟ್ಳು. ಬಾಗಿಲ ಈಚೆ ಅಜ್ಜೀನೂ ಬಿಟ್ಳು. ಎಷ್ಟು ಹೊತ್ತಿಂದ ಹಿಡ್ಕೊಂಡಿದ್ಲೋ. ಬೀದಿಗೆಲ್ಲ ಇಷ್ಟು ವರ್ಷ ಡಂಗುರ ಹೊಡೆದ ಕೆಲಸಾನ ಅಜ್ಜಿ ಕಣ್ಣಾರೆ ಕಂಡಿದ್ದು ಅದೇ ಮೊದಲು.

ಸೊಸೆ ತಲೆ ಎತ್ತೋದರೊಳಗೆ ಅಜ್ಜಿ ಸರ್ಕೊಂಡು, ದೊಡ್ಡೋರ ಕೋಣೆ ಯಾವುದು ಅಂತ ಕೇಳಿ, ಪ್ಯೂನು ಬೇಡ ಅನ್ನೋ ಮುಂಚೆ ಒಳಗೆ ಕೂತಿದ್ಲು.

"ಸ್ವಾಮಿ, ಏಳು ವರ್ಷದ ಹಿಂದೆ ಫೋನಲ್ಲಿ ನಿಮಗೊಂದು ಮಾತು ಕೊಟ್ಟಿದ್ದೆ. ವಾಪಸ್ ಕೊಡಿ."

ದೊಡ್ಡೋರಿಗೆ ತಲೆಬುಡ ತಿಳೀಲಿಲ್ಲ. ತಿಳಿದ ಮೇಲೆ ನಕ್ಕರು, ಚಹಾ ತರಿಸಿದ್ರು. "ನಾವು ನಿಮ್ಮ ಮನೆ ನೆಮ್ಮದಿಗೇ ಹಾಗೆ ಮಾಡಿದ್ದಮ್ಮ. ನಿಜ ಹೇಳಲಾ, ಆಕೆ ಆರು ವಾರ ಇಲ್ಲದಿದ್ರೆ ನನ್ನ ಮೂರು ಸಂಶೋಧನೆ ನಿಂತೇ ಹೋಗುತ್ತೆ."

"ನಾನೂ ಹಾಗೇ ಹೇಳಿದ್ದೆ ಸ್ವಾಮಿ, ಮನೆ ಬಿದ್ದೇ ಹೋಗುತ್ತೆ ಅಂತ. ಎರಡು ವಾರದಿಂದ ಅವಳು ಒಂದು ಲೋಟ ಎತ್ತಿಟ್ಟಿಲ್ಲ. ಮನೆ ನಿಂತಿದೆ. ಉಣ್ಣೋ ಹಾಗಿಲ್ಲ, ಮಲಗೋ ಹಾಗಿಲ್ಲ, ಆದ್ರೂ ನಿಂತಿದೆ. ನಿಮ್ಮದೂ ನಿಲ್ಲುತ್ತೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೆ ಅಕ್ಷರ ಬರಲ್ಲ, ನಾನು ಒಂದೇ ಸಲ ಸುಳ್ಳು ಹೇಳಿದೆ. ನೀವು ಇಷ್ಟು ಓದಿದೋರು, ಅದನ್ನೇ ಏಳು ಸಲ ಬರೆದ್ರಲ್ಲ?"

ದೊಡ್ಡೋರ ನಗು ಸ್ವಲ್ಪ ಬತ್ತಿತು. ಲೋಟ ಆ ಕಡೆಯಿಂದ ಈ ಕಡೆ ಇಟ್ರು. ಕೊನೆಗೆ, "ಆಯ್ತಮ್ಮ. ಹಿರಿಯರು ನೀವೇ ಬಂದು ಹೇಳಿದ ಮೇಲೆ ಇನ್ನೇನು. ಕಳಿಸೋಣ," ಅಂದ್ರು.

ಅಜ್ಜಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಗೆ ಬರೋ ಹೊತ್ತಿಗೆ ಕಥೆ ದೊಡ್ಡದಾಗಿತ್ತು: ದೊಡ್ಡೋರು ಎದ್ದು ನಿಂತು ಕೈ ಮುಗಿದರು, ಕಣ್ಣಲ್ಲಿ ನೀರು ಹಾಕಿದರು, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಸಂಜೆ ತಾನೇ ಬೇಳೆ ಬೇಯಿಸಿ, ನಾಲ್ಕು ತಟ್ಟೆ ಹಾಕಿ, ಸೊಸೆ ಬಂದ ತಕ್ಷಣ ಗೆದ್ದ ಮುಖ ಮಾಡ್ಕೊಂಡು ನಿಂತಳು.

ಸೊಸೆ ಬಾಗಿಲಲ್ಲೇ ನಿಂತು ಕೇಳಿದಳು. "ನೀವು ಅಲ್ಲಿಗೆ ಬಂದಿದ್ರಾ?"

ಹದಿನೈದು ದಿನದ ಮೇಲೆ ನೇರವಾಗಿ ಬಂದ ಮೊದಲ ಮಾತು. "ಬಂದಿದ್ದೆ ಕಣೇ! ಎಲ್ಲ ಸರಿಮಾಡಿ ಬಂದೆ. ಕಳಿಸ್ತಾರಂತೆ ನಿನ್ನ."

"ಗೊತ್ತು. ನನ್ನನ್ನ ಕರೆದು ತೋರಿಸಿದ್ರು." ಸೊಸೆ ಚೀಲ ಕೆಳಗಿಟ್ಳು. "ಏನು ಬರೆದಿದಾರೆ ಗೊತ್ತಾ? 'ಮನೆಯ ಹಿರಿಯರು ಖುದ್ದಾಗಿ ಬಂದು ಒಪ್ಪಿಗೆ ನೀಡಿರುವುದರಿಂದ ಕಳುಹಿಸಬಹುದು.' ನಾನು ಮೂರು ಸಲ ಹೋಗಿ ಕೇಳಿದೆ. ಹದಿನಾಲ್ಕು ವರ್ಷ ಅವರಿಗೆ ಪದರ ತೆಗೆದುಕೊಟ್ಟವಳು ನಾನು. ನನ್ನ ಮಾತಿಗೆ ಗಡಿಯಾರ ನೋಡಿದ್ರು. ನಿಮ್ಮ ಮಾತಿಗೆ ಚಹಾ ತರಿಸಿದ್ರು!"

"ಕೆಲಸ ಆಯ್ತಲ್ಲ, ಯಾರ ಮಾತಿಗೆ ಆದ್ರೇನು?"

"ಬೇಡ ಅನ್ನೋಕೂ ನೀವು, ಹೋಗು ಅನ್ನೋಕೂ ನೀವು! ಹಾಗಾದ್ರೆ ನಾನ್ಯಾರು ಅತ್ತೆ ಆ ಫಾರಮ್ಮಲ್ಲಿ? ನಿಮ್ಮ ಮನೆ ಹಸುನಾ? ಕಟ್ಟೋದೂ ನೀವೇ, ಬಿಚ್ಚೋದೂ ನೀವೇನಾ?"

"ಸಿಕ್ಕಿದ್ದನ್ನ ಬಿಡಬೇಡ ಕಣೇ," ಅಂದ ಮಗ, ಬಸ್ಸಿನ ಅಂಗೀಲೇ ಒಳಗೆ ಬರ್ತಾ. "ಏನು ಬರೆದ್ರೆ ಏನು, ಹೋಗಿ ಬಾ. ಕುರ್ಚಿ ಮುಖ್ಯ."

"ಈ ಸಾಲಿಗೆ ನಾನು ಸಹಿ ಹಾಕಲ್ಲ. ನಾಳೆ ಇನ್ನೊಬ್ಬಳ ಮನೆಯ ಹಿರಿಯರು ಬರಲಿಲ್ಲ ಅಂದ್ರೆ ಅವಳನ್ನ ಕಳಿಸಲ್ಲ. ನಾಡಿದ್ದು ನಿಮ್ಮ ಅಮ್ಮಂಗೆ ಮಂಡಿ ನೋವು ಜಾಸ್ತಿಯಾದ್ರೆ ನನ್ನ ಕುರ್ಚಿ ವಾಪಸ್. ಓದದೆ ಏಳು ಸಲ ಸಹಿ ಹಾಕಿದೆ, ಅದು ನನ್ನ ತಪ್ಪು. ಓದಿ ಹಾಕಿದ್ರೆ ಅದಕ್ಕೆ ತಪ್ಪು ಅನ್ನಲ್ಲ, ಬೇರೆ ಹೆಸರಿದೆ."

"ತರಬೇತಿ ಕಳ್ಕೊಳ್ತೀಯ."

"ಕಳ್ಕೊಂಡ್ರೆ ನಾನೇ ಕಳ್ಕೊಂಡ ಹಾಗಾಯ್ತು. ಇಷ್ಟು ದಿನ ಬೇರೆಯವರು ಕಳೀತಿದ್ರು."

ಅಜ್ಜಿ ಏನೋ ಹೇಳೋಕೆ ಬಾಯಿ ತೆರೆದಳು. ಸೊಸೆ ಬೆರಳು ತೋರಿಸಿದ್ಲು. ಆ ಮನೇಲಿ ಸೊಸೆ ಅತ್ತೆಗೆ ಬೆರಳು ತೋರಿಸಿದ್ದು ಅದೇ ಮೊದಲು. "ಒಂದೇ ಒಂದು ಬೇಡ್ಕೊಳ್ತೀನಿ ಅತ್ತೆ. ಒಳ್ಳೇದಕ್ಕಾಗಲಿ ಕೆಟ್ಟದ್ದಕ್ಕಾಗಲಿ, ಇನ್ನು ನನ್ನ ಪರವಾಗಿ ಒಂದು ಮಾತೂ ಆಡಬೇಡಿ. ಯಾರ ಹತ್ರಾನೂ."

ಅಜ್ಜಿಗೆ ಸಿಟ್ಟು ಬಂತು. ಒಳ್ಳೇದು ಮಾಡೋಕೆ ಹೋಗಿ ಬೈಸಿಕೊಂಡವರಿಗೆ ಬರೋ ಸಿಟ್ಟಿಗೆ ಮದ್ದಿಲ್ಲ. ಬೇಳೆ ಪಾತ್ರೆ ಮೇಲೆ ಮುಚ್ಚಳ ಹಾಕಿದ ರಭಸಕ್ಕೆ ಗೋಡೆ ಗಡಿಯಾರ ನಿಂತೋಯ್ತು ಅಂತಾಳೆ ಅವಳು. ಅದು ನಿಂತು ಎರಡು ತಿಂಗಳಾಗಿತ್ತು. "ನಾನು ಈ ಮನೇಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋತೀನಿ, ಆಯ್ತಾ? ಮೂಕಿ ಆಗ್ತೀನಿ!" ಅಂದಳು. ಎರಡು ದಿನ ಆದಳು ಕೂಡ. ಬೀದಿಯವರು ಏನಾಯ್ತು ಅಂತ ಮನೆಗೇ ಬಂದು ವಿಚಾರಿಸಿದ್ರು.

ಆ ಎರಡು ದಿನ ಮಾತಿಲ್ಲದೆ ಕೂತಿದ್ದಕ್ಕೋ ಏನೋ, ಅಜ್ಜಿಗೆ ಗಾಜಿನ ಬಾಗಿಲ ಆಚೆ ಕಂಡಿದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ತಿತ್ತು. ನಡುವೆ ಯಾರಾದ್ರೂ 'ಸಹಾಯ ಮಾಡ್ತೀನಿ' ಅಂತ ಬಂದು ಊದಿದ್ರೆ ಆ ಪದರ ಏನಾಗ್ತಿತ್ತು? ಮೂರನೇ ದಿನ ಬೆಳಿಗ್ಗೆ ಅಜ್ಜಿ ಸೊಸೆ ಡಬ್ಬಿಗೆ ಊಟ ತುಂಬಿ ಮೇಜಿನ ಮೇಲಿಟ್ಳು. ತಗೋ ಅನ್ನಲಿಲ್ಲ. ಸೊಸೆ ತಗೊಂಡು ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ.

ವಿಭಾಗದಲ್ಲಿ ಸೊಸೆ ಗದ್ದಲ ಮಾಡಲಿಲ್ಲ. ಮಧ್ಯಾಹ್ನದ ಊಟದ ಹೊತ್ತಲ್ಲಿ ಎಲ್ಲರೂ ಡಬ್ಬಿ ಬಿಚ್ಚೋ ಕೋಣೇಲಿ ತನ್ನ ಹಾಳೆ ಇಟ್ಟು, "ನಿಮ್ಮದರಲ್ಲಿ ಏನಿದೆ, ನೋಡಿದೀರಾ?" ಅಂತ ಕೇಳಿದಳು. ಅಷ್ಟೇ ಸಾಕಾಯ್ತು. ಗಾಜು ತೊಳೆಯೋ ಹೆಂಗಸು ಹೋಗಿ ತನ್ನ ಫೈಲು ಕೇಳಿದ್ಲು. 'ಓದು ಬಾರದು, ಆಸಕ್ತಿ ಇಲ್ಲ' ಅಂತಿತ್ತು. ಆಕೆ ರಾತ್ರಿ ಶಾಲೇಲಿ ಓದಿ ಹತ್ತನೇ ತರಗತಿ ಪಾಸಾಗಿ ಮೂರು ವರ್ಷ ಆಗಿತ್ತು. ವಿಭಾಗದ ಇಲಿಗಳನ್ನ ಸಾಕೋ ಆಳಿಂದು ನೋಡಿದ್ರೆ 'ಪ್ರಾಣಿಗಳ ಜೊತೆ ಇರಲು ಇಷ್ಟ, ಮನುಷ್ಯರೊಂದಿಗೆ ಹೊಂದಾಣಿಕೆ ಕಡಿಮೆ.' "ಯಾವ ಮನುಷ್ಯರ ಜೊತೆ ಅಂತ ಬರೆದಿಲ್ವಾ?" ಅಂದ ಆತ. ಉಗ್ರಾಣದವನದ್ದು 'ವಯಸ್ಸಾಗಿದೆ.' ಅವನಿಗೆ ಆಗ ಮೂವತ್ತೆಂಟು.

ಈ ವರ್ಷದ ಕೊನೇ ಹಾಳೆ ಹಿಡ್ಕೊಂಡು ಪ್ಯೂನು ಬಂದಾಗ ಒಬ್ಬರೂ ಸಹಿ ಹಾಕಲಿಲ್ಲ. "ಮೊದಲ ಹಾಳೆ ತಗೊಂಡು ಬಾ," ಅಂದ್ರು. "ನಿಯಮದಲ್ಲಿ ಅರ್ಧ ಗಂಟೆ ಕೂತು ಮಾತಾಡಬೇಕು ಅಂತಿದೆ, ಕೂತು ಮಾತಾಡ್ತೀವಿ," ಅಂದ್ರು. ದೊಡ್ಡೋರು ಕೂಗಾಡಿದ್ರು. ಒಬ್ಬೊಬ್ಬರನ್ನೇ ಕರೆದು ಮೂಗಿಗೆ ಸವರೋ ತುಪ್ಪ ಎಲ್ಲ ಖಾಲಿ ಮಾಡಿದ್ರು. ತರಬೇತಿ ಮೇಡಂ ಮಾತ್ರ ತಣ್ಣಗೆ, "ಸಹಿ ಇಲ್ಲದ ಫಾರಮ್ಮು ನಾನು ಮೇಲಕ್ಕೆ ಕಳಿಸೋ ಹಾಗಿಲ್ಲ ಸರ್. ಶುಕ್ರವಾರ ಕೊನೇ ದಿನ. ನಾನೂ ಪಕ್ಕದಲ್ಲಿ ಕೂರ್ತೀನಿ," ಅಂದ್ಳಂತೆ. ಏಳು ವರ್ಷದಲ್ಲಿ ಅರ್ಧ ಗಂಟೆ ಸಿಗದ ದೊಡ್ಡೋರು ಬುಧವಾರ, ಗುರುವಾರ, ಶುಕ್ರವಾರ ಬೆಳಿಗ್ಗೆಯಿಂದ ಸಂಜೆವರೆಗೂ ಕೂತರು. ಗಾಜು ತೊಳೆಯೋ ಹೆಂಗಸು ಅರ್ಧ ಗಂಟೆ ಸಾಲದು ಅಂತ ಮುಕ್ಕಾಲು ಗಂಟೆ ಕೂರಿಸಿದ್ಲು.

ಸೊಸೆ ಸರದಿ ಶುಕ್ರವಾರ, ಎಲ್ಲರಿಗಿಂತ ಕೊನೆಗೆ.

ಅವತ್ತು ಸಂಜೆ ಮನೇಲಿ ಮಗ ತರಕಾರಿ ಹೆಚ್ತಾ ಮೂರು ಸಲ ಬೆರಳು ಕೊಯ್ಕೊಂಡ. ಮೊಮ್ಮಗಳು ಕಿಟಕಿ ಬಿಟ್ಟು ಕದಲಲಿಲ್ಲ. ಅಜ್ಜಿ ಫೋನಿನ ಪಕ್ಕ ಕೂತಿದ್ಲು. ಒಂದು ಸಲ ಕೈ ಅದರ ಹತ್ರ ಹೋಯ್ತು, ಮೊಮ್ಮಗಳು "ಅಜ್ಜಿ!" ಅಂದ್ಳು, ಕೈ ವಾಪಸ್ ಬಂತು. "ಧೂಳು ಒರೆಸ್ತಿದ್ದೆ ಕಣೇ," ಅಂದ್ಳು ಅಜ್ಜಿ.

ಸೊಸೆ ಬಂದಳು. ಚಪ್ಪಲಿ ಬಿಟ್ಳು, ಕೈ ತೊಳೆದ್ಲು, ಹಾಳೆ ತೆಗೆದು ಮೇಜಿನ ಮೇಲಿಟ್ಟಳು. 'ಮನೆಯ ಹಿರಿಯರು ಖುದ್ದಾಗಿ' ಅನ್ನೋ ಸಾಲಿನ ಮೇಲೆ ಅಡ್ಡ ಗೆರೆ. ಅದರ ಕೆಳಗೆ ಸೊಸೆ ಕೈಬರಹ. ಮೊಮ್ಮಗಳು ಓದಿದ್ಲು: "ಈ ತರಬೇತಿ ನನಗೆ ಬೇಕು. ಏಳು ವರ್ಷದ ಹಿಂದೆಯೂ ಬೇಕಿತ್ತು. ಆಗ ನನ್ನನ್ನು ಯಾರೂ ಕೇಳಲಿಲ್ಲ." ಪಕ್ಕದಲ್ಲಿ ದೊಡ್ಡೋರ ಸಹಿ, ಹಾಳೆ ಹರಿಯೋ ಹಾಗೆ ಒತ್ತಿ ಹಾಕಿದ್ದು.

"ಹೊರಡೋದು ಯಾವತ್ತು?" ಅಂದ ಮಗ.

"ಒಂದನೇ ತಾರೀಕು. ಆರು ವಾರ. ಬೇಳೆಗೆ ಉಪ್ಪು ಎಷ್ಟು ಅಂತ ಫೋನ್ ಮಾಡಿ ಕೇಳಬೇಡಿ, ಎತ್ತಲ್ಲ."

"ನೋಡೋ..." ಅಂದವನು ನಾಲಿಗೆ ಕಚ್ಕೊಂಡು, "ಆಯ್ತು," ಅಂದ.

ಅಜ್ಜಿ ಮುಖದ ಕಡೆ ಸೊಸೆ ನೋಡಲಿಲ್ಲ. ಸಿಟ್ಟು ಹೋಗಿರಲಿಲ್ಲ, ಏಳು ವರ್ಷದ್ದು ನಾಲ್ಕು ವಾರದಲ್ಲಿ ಹೇಗೆ ಹೋಗುತ್ತೆ? ಆದ್ರೆ ಊಟ ಆದ ಮೇಲೆ ನಾಲ್ಕು ತಟ್ಟೆ ಅಜ್ಜಿ ತೊಳೀತಿದ್ದಾಗ ಪಕ್ಕ ಬಂದು ನಿಂತು, ಒಂದೊಂದೇ ಒರೆಸ್ತಾ, ಅಲ್ಲಿ ನಡೆದಿದ್ದು ಹೇಳಿದ್ಲು. ಯಾಕೆ ಹೇಳಿದ್ಲೋ ಅವಳಿಗೇ ಗೊತ್ತು.

ಸಹಿ ಎಲ್ಲ ಆದ ಮೇಲೆ ದೊಡ್ಡೋರು ಪೆನ್ನು ಮುಚ್ಚಿದ್ರಂ‌ತೆ. ತರಬೇತಿ ಮೇಡಂ, "ಇನ್ನೊಂದು ಪ್ರಶ್ನೆ ಬಾಕಿ ಇದೆ ಸರ್, ನೀವೇ ಓದಿ ಕೇಳಬೇಕು," ಅಂದ್ಳಂತೆ. ದೊಡ್ಡೋರು ಕನ್ನಡಕ ಏರಿಸಿ, ಹಲ್ಲು ಕಚ್ಚಿ ಓದಿದ್ರಂತೆ: "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರಲು ಬಯಸುತ್ತೀರಿ?" ಸೊಸೆ ಕೋಣೆ ಎಲ್ಲ ಒಂದು ಸಲ ನಿಧಾನವಾಗಿ ನೋಡಿ, ದೊಡ್ಡೋರು ಕೂತ ಕುರ್ಚಿ ಮೇಲೆ ಕಣ್ಣು ನಿಲ್ಲಿಸಿದ್ಲಂತೆ. ಆಮೇಲೆ ಒಂದು ಮಾತು ಹೇಳಿದ್ಲು. ಒಂದೇ ಒಂದು. ಅದನ್ನ ಕೇಳಿ ತರಬೇತಿ ಮೇಡಂ ಕೈಯಿಂದ ಪೆನ್ನು ಬಿತ್ತು. ದೊಡ್ಡೋರು ಕೂತಿದ್ದವರು ಎದ್ದು ನಿಂತ್ರು.

ಆ ಮಾತು ಅಜ್ಜಿಗೆ ಗೊತ್ತು. ಅಕ್ಷರ ತಪ್ಪದೆ ಗೊತ್ತು. ಸೊಸೆ ತರಬೇತಿಗೆ ಹೋಗಿ ಇವತ್ತಿಗೆ ಮೂರು ವಾರ. ಬೀದಿ ಜನ ದಿನಾ ಬಂದು ಅಜ್ಜಿ ಸೆರಗು ಜಗ್ಗಿ ಕೇಳ್ತಾರೆ, ಏನಂದ್ಲು, ಏನಂದ್ಲು ಅಂತ. ಹೇಳಿಬಿಡೋಕೆ ಅಜ್ಜಿ ನಾಲಿಗೆ ಹಾವಿನ ಹಾಗೆ ಹೊರಳುತ್ತೆ. ಆದ್ರೆ ಸೊಸೆ ಮಾತು, ಸೊಸೆ ಬಾಯಲ್ಲೇ ಬರಬೇಕು. ಅವಳ ಪರವಾಗಿ ಇನ್ನು ಆ ಮುದುಕಿ ಬಾಯಿ ಬಿಡಲ್ಲ. ಅವಳು ಬರೋದಕ್ಕೆ ಇನ್ನೂ ಮೂರು ವಾರ ಇದೆ. ಅಲ್ಲೀವರೆಗೂ ತಡೆಯೋಕೆ ಆಗಲ್ಲ ಅಂದ್ರೆ, ಹ್ಞೂಂ, ನೀವೇ ಹೇಳಿ ನೋಡೋಣ, ಏನಂದಿರಬಹುದು?